ಕಿವುಡರ ಬಳಗ ಕಟ್ಟುವ ಕೆಲಸ: ಬೆಳಗಾವಿ ಸೀಮೆಯ ಅನುಭವ

ಕೇಳುವವರಿಗೆ ಅರ್ಧ ಸುದ್ದಿ ಯಾರೂ ಕರೆದು ಹೇಳದೆಯೇ ಸಿಗುತ್ತದೆ. ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತಾಗ, ಚಹಾದಂಗಡಿ ಮುಂದೆ ನಿಂತಾಗ, ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತಾಡುವಾಗ ಕಿವಿಗೆ ಬೀಳುತ್ತದೆ: ಯಾವ ಫ್ಯಾಕ್ಟರಿಯಲ್ಲಿ ಆಳು ಬೇಕಾಗಿದ್ದಾರೆ, ನಾಡಕಚೇರಿಯಲ್ಲಿ ಪಿಂಚಣಿ ಅರ್ಜಿಗೆ ಯಾವ ಕಾಗದ ಕೇಳುತ್ತಿದ್ದಾರೆ, ಯಾವ ಚೀಟಿಯವನು ದುಡ್ಡು ತಗೊಂಡು ಓಡಿಹೋದ. ಕಿವುಡರಿಗೆ ಈ ದಾರಿ ಇಲ್ಲ. ಮನೆಯಲ್ಲಿ ಹತ್ತು ಮಂದಿ ಕೂತು ಉಣ್ಣುತ್ತಿದ್ದರೂ ಅವರ ಪಾಲಿಗೆ ಬರುವುದು ‘ಆಮೇಲೆ ಹೇಳ್ತೀನಿ’ ಎಂಬ ಕೈಸನ್ನೆ. ಆ ಆಮೇಲೆ ಬಹಳ ಸಲ ಬರುವುದೇ ಇಲ್ಲ. ಕೆಲಸ, ಮದುವೆ ಸಂಬಂಧ, ಸರ್ಕಾರದ ಸವಲತ್ತು, ಯಾವುದರ ಸುದ್ದಿಯೇ ಇರಲಿ, ಕಿವುಡರಿಗೆ ಅದು ಮುಟ್ಟುವುದು ಕೈಭಾಷೆ ಬಲ್ಲ ಪರಿಚಯದ ಮನುಷ್ಯರಿಂದ. ಆ ಪರಿಚಯಗಳನ್ನು ಒಂದೊಂದಾಗಿ ಕಟ್ಟಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಿವುಡರೂ ಕೇಳುವವರೂ ಸೇರಿ ಮಾಡುತ್ತಿರುವ ಈ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬರೆಯುತ್ತಿದ್ದೇವೆ.

ಮೊದಲ ತೊಡಕು ಜನರನ್ನು ಹುಡುಕುವುದೇ. 2011ರ ಜನಗಣತಿಯಲ್ಲಿ ದೇಶದ ಸುಮಾರು 50 ಲಕ್ಷ ಮಂದಿ ಶ್ರವಣದೋಷವುಳ್ಳವರೆಂದು ದಾಖಲಾಗಿದ್ದಾರೆ. ಆದರೆ ಒಂದು ಹಳ್ಳಿಗೆ ಹೋದರೆ ಸಿಗುವವರು ಒಬ್ಬರೋ ಇಬ್ಬರೋ. ಅವರಿಗೂ ಪಕ್ಕದ ಊರಿನಲ್ಲಿ ತಮ್ಮಂಥವರು ಇದ್ದಾರೆಂಬುದು ಗೊತ್ತಿರುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಊರಿನ ಅಂಗವಿಕಲರ ಪಟ್ಟಿ ಇವರ ಹತ್ತಿರ ಇರುತ್ತದೆ, ಯಾರ ಮನೆ ಎಲ್ಲಿ ಎಂಬುದೂ ಗೊತ್ತಿರುತ್ತದೆ. ವಿಶೇಷ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಎರಡನೆಯ ದಾರಿ. ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದ ಮುಂದಿನ ಬೆಂಚು ಮೂರನೆಯದು. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಮಾತ್ರ ಸಿಕ್ಕ ಕಿವುಡರನ್ನೇ ಕೇಳುವುದು: ನಿನಗೆ ಗೊತ್ತಿರುವವರು ಇನ್ನು ಯಾರಿದ್ದಾರೆ? ಜಾತ್ರೆಯಲ್ಲಿ ಕೈ ಆಡಿಸುತ್ತಿದ್ದವರನ್ನು ಕಂಡಿದ್ದೆ, ನಮ್ಮ ಅತ್ತೆಯ ಊರಿನಲ್ಲಿ ಟೇಲರ್ ಒಬ್ಬನಿದ್ದಾನೆ, ಹೀಗೆ ಹೆಸರುಗಳು ಹೊರಬರುತ್ತವೆ. ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿ ಹೊತ್ತಿಗೆ ನಡೆಯುತ್ತದೆ. ಅಷ್ಟು ಗದ್ದಲದೊಳಗೂ ಕೈಭಾಷೆಯವರು ಒಬ್ಬರನ್ನೊಬ್ಬರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಸಿಕ್ಕವರ ವಿವರ ಬರೆಯಲು ಒಂದು ಉದ್ದನೆಯ ರಿಜಿಸ್ಟರ್ ಸಾಕು. ಹೆಸರು, ಊರು, ಹತ್ತಿರದ ಬಸ್ ನಿಲುಗಡೆ, ಓದು, ಕಸುಬು, ಅಂಗವಿಕಲರ ಗುರುತಿನ ಚೀಟಿ ಇದೆಯೋ ಇಲ್ಲವೋ, ಮನೆಯಲ್ಲಿ ಯಾರಿಗೆ ಕೈಭಾಷೆ ಬರುತ್ತದೆ. ಫೋನ್ ನಂಬರಿನ ಕಾಲಮ್ಮಿನಲ್ಲಿ ನಂಬರ್ ಯಾರದು ಎಂಬುದನ್ನೂ ಬರೆಯಲೇಬೇಕು: ಅವರದೋ, ಅಣ್ಣನದೋ, ಪಕ್ಕದ ಮನೆಯವರದೋ. ಅಣ್ಣನ ಫೋನಿಗೆ ಕಳಿಸಿದ ಸುದ್ದಿ ಅಣ್ಣನ ಹತ್ತಿರವೇ ಉಳಿಯುವುದುಂಟು. ಇದರ ಜೊತೆಗೆ ಪ್ರತಿಯೊಬ್ಬರ ಹೆಸರಿನ ಸಂಜ್ಞೆಯ ಐದು ಸೆಕೆಂಡಿನ ವಿಡಿಯೊ ತೆಗೆದಿಟ್ಟುಕೊಳ್ಳಬೇಕು. ಕಿವುಡರು ಒಬ್ಬರನ್ನೊಬ್ಬರು ಗುರುತಿಸುವುದು ಆ ಸಂಜ್ಞೆಯಿಂದ, ಆಧಾರ್ ಕಾರ್ಡಿನ ಹೆಸರಿನಿಂದಲ್ಲ. ನಂಬರನ್ನು ಬೇರೆಯವರಿಗೆ ಕೊಡಬಹುದೇ ಎಂದು ಅವರನ್ನೇ ಕೇಳಿ ಬರೆದುಕೊಳ್ಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದರಲ್ಲಿ ಸಡಿಲ ಬಿಡಲೇಬಾರದು.

ಇನ್ನು ವಾಟ್ಸ್ಆ್ಯಪ್ ಬಳಗ. ಬರೆದ ಕನ್ನಡ ಎಲ್ಲ ಕಿವುಡರಿಗೂ ಸಲೀಸಲ್ಲ. ಶಾಲೆಗೆ ಹೋದವರಲ್ಲೂ ಅನೇಕರಿಗೆ ಪದಗಳು ಗೊತ್ತು, ಪದದ ಬಾಲ ತಪ್ಪುತ್ತದೆ. ‘ನಾಳೆ ಕಚೇರಿಗೆ ಬರಬೇಕಾಗಿಲ್ಲ’ ಎಂದು ಬರೆದರೆ ನಾಳೆ, ಕಚೇರಿ, ಬರಬೇಕು ಎಂದು ಓದಿಕೊಂಡು ಬಸ್ಸು ಹತ್ತುತ್ತಾರೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ದಿನ-ಹೊತ್ತು ಮೊದಲು ಬರುತ್ತದೆ, ಇಲ್ಲ-ಬೇಡ ಎಂಬುದು ಕೊನೆಯಲ್ಲಿ ಬೇರೆಯಾಗಿಯೇ ನಿಲ್ಲುತ್ತದೆ. ಬರೆಯುವಾಗಲೂ ಅದೇ ಸಾಲು ಹಿಡಿಯಬೇಕು: ‘ರವಿವಾರ. 11 ಗಂಟೆ. ಸಭೆ. ಇಲ್ಲ.’ ತಾರೀಖು ಅಂಕಿಯಲ್ಲಿರಲಿ. ಜಾಗದ ಫೋಟೊ ಮತ್ತು ಲೊಕೇಶನ್ ಜೊತೆಗಿರಲಿ. ಸಭೆ ರದ್ದಾದರೆ ಜಾಗದ ಫೋಟೊ ಮೇಲೆ ಕೆಂಪು ಗುಣಿಸು ಗುರುತು ಎಳೆದು ಕಳಿಸಿದರೆ ಯಾರಿಗೂ ಗೊಂದಲ ಆಗುವುದಿಲ್ಲ.

ಮುಖ್ಯ ಸುದ್ದಿಗೆ ವಿಡಿಯೊನೇ ಬೇಕು, ಅದನ್ನು ಕಿವುಡರೇ ಮಾಡಬೇಕು. ಫೋನನ್ನು ಕೈಯಲ್ಲಿ ಹಿಡಿದರೆ ಒಂದು ಕೈ ಅದಕ್ಕೇ ಹೋಯಿತು. ನೂರಿನ್ನೂರು ರೂಪಾಯಿಯ ಸ್ಟ್ಯಾಂಡ್ ಸಾಕು, ಇಲ್ಲದಿದ್ದರೆ ಗೂಡಿನಲ್ಲಿ ತಂಬಿಗೆಗೆ ಆನಿಸಿ ಇಟ್ಟರೂ ನಡೆಯುತ್ತದೆ. ತಲೆಯಿಂದ ಸೊಂಟದವರೆಗೆ ಕಾಣಬೇಕು, ಮೊಣಕೈ ಚೌಕಟ್ಟಿನ ಆಚೆ ಹೋಗಬಾರದು. ಬೆಳಕು ಮುಂದಿನಿಂದ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕರ್ರಗಾಗುತ್ತದೆ. ಹುಬ್ಬು ಏರಿದ್ದು, ತುಟಿ ಬಿಗಿದದ್ದು ಕಾಣದಿದ್ದರೆ ಅದು ಪ್ರಶ್ನೆಯೋ ಮಾತೋ ತಿಳಿಯುವುದಿಲ್ಲ. ಸಂಜೆಯ ಮಂದ ಬೆಳಕಿನಲ್ಲಿ ಕ್ಯಾಮೆರಾ ನಿಧಾನವಾಗಿ ಬೆರಳುಗಳು ಮಸಕಾಗುತ್ತವೆ. ಹೂಬಳ್ಳಿ ಅಚ್ಚಿನ ಅಂಗಿಗಿಂತ ಒಂದೇ ಬಣ್ಣದ್ದು ಮೇಲು. ಒಂದು ನಿಮಿಷ ಮೀರದ ವಿಡಿಯೊವನ್ನು ಪೂರ್ತಿ ನೋಡುತ್ತಾರೆ, ಐದು ನಿಮಿಷದ್ದನ್ನು ಬಿಡುತ್ತಾರೆ.

ವಿಡಿಯೊ ಕಾಲ್ ಇಬ್ಬರಿಗೆ ಚೆನ್ನ, ನಾಲ್ವರಿಗೆ ಪರವಾಗಿಲ್ಲ. ವಾಟ್ಸ್ಆ್ಯಪ್ ಗುಂಪು ಕರೆಯಲ್ಲಿ 32 ಮಂದಿ ಸೇರಬಹುದು ನಿಜ, ಆದರೆ ಅಷ್ಟು ಸಣ್ಣ ಚೌಕದಲ್ಲಿ ಬೆರಳು ಓದಲು ಬರುವುದಿಲ್ಲ. ಗೂಗಲ್ ಮೀಟ್, ಜೂಮ್‌ಗಳಲ್ಲಿ ಇನ್ನೊಂದು ತೊಂದರೆ: ಯಾರ ದನಿ ಬರುತ್ತದೋ ಅವರ ಚಿತ್ರವೇ ದೊಡ್ಡದಾಗುತ್ತದೆ. ಕಿವುಡರು ಕೈಯಾಡಿಸುತ್ತಿದ್ದರೆ ಪರದೆ ಅವರ ಕಡೆ ತಿರುಗುವುದಿಲ್ಲ, ಬೇರೆ ಯಾರದೋ ಮನೆಯ ಕುಕ್ಕರ್ ಕೂಗಿದರೆ ಆ ಕಡೆ ತಿರುಗುತ್ತದೆ. ಎಲ್ಲರ ಮೈಕ್ ಬಂದ್ ಮಾಡಿಸಿ, ಸಂಜ್ಞೆ ಮಾಡುವವರನ್ನು ಪಿನ್ ಮಾಡುವುದನ್ನು, ಅಂದರೆ ಅವರ ಚಿತ್ರವೇ ದೊಡ್ಡದಾಗಿ ನಿಲ್ಲುವಂತೆ ಮಾಡುವುದನ್ನು, ಮೊದಲು ಕಲಿಸಬೇಕು. ನೆಟ್‌ವರ್ಕ್ ಸಿಗದ ಊರಿನವರಿಗೆ ಕರೆಗಿಂತ ರೆಕಾರ್ಡ್ ಮಾಡಿ ಕಳಿಸಿದ ವಿಡಿಯೊ ಒಳ್ಳೆಯದು, ಚಿತ್ರ ತುಂಡಾಗುವುದಿಲ್ಲ.

ಫೋನಿನ ಮೇಲೆ ಎಷ್ಟೇ ಮಾತಾಡಿದರೂ ಬಳಗ ಗಟ್ಟಿಯಾಗುವುದು ಮುಖಾಮುಖಿ ಕೂತಾಗಲೇ. ತಿಂಗಳಿಗೆ ಒಂದು ದಿನ ಗೊತ್ತು ಮಾಡಿ, ಆ ದಿನವನ್ನು ಬದಲಿಸಬಾರದು. ಎರಡನೆಯ ರವಿವಾರ ಎಂದರೆ ಎಲ್ಲ ತಿಂಗಳೂ ಎರಡನೆಯ ರವಿವಾರವೇ. ತಾರೀಖು ಬದಲಾದರೆ ಫೋನಿಲ್ಲದವರು ಕೈತಪ್ಪುತ್ತಾರೆ, ಬಳಗ ಹೆಚ್ಚು ಬೇಕಾಗಿರುವುದು ಅವರಿಗೇ. ಜಾಗ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು, ನೆರಳು ಮತ್ತು ಶೌಚಾಲಯ ಇರಬೇಕು. ವಾಪಸ್ ಹೋಗುವ ಬಸ್ಸು ನೋಡಿಯೇ ಹೊತ್ತು ಇಡಬೇಕು, ಯಾಕೆಂದರೆ ಸಭೆ ಮುಗಿದ ಮೇಲೂ ಕಿವುಡರು ಏಳುವುದಿಲ್ಲ. ಇಡೀ ತಿಂಗಳ ಮಾತು ಬಾಕಿ ಇರುತ್ತದೆ.

ಅಂಗವಿಕಲರ ರಿಯಾಯಿತಿ ಬಸ್ ಪಾಸಿಗೆ ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ವರ್ಷಕ್ಕೆ 660 ರೂಪಾಯಿ, ವಾಸದ ಊರಿನಿಂದ 100 ಕಿಲೋಮೀಟರ್ ವ್ಯಾಪ್ತಿ. ಬೆಳಗಾವಿ ಜಿಲ್ಲೆ ದೊಡ್ಡದು. ಅಥಣಿಯವರಿಗೆ ತಮ್ಮ ಜಿಲ್ಲಾ ಕೇಂದ್ರವೇ ಆ ವ್ಯಾಪ್ತಿಯ ಆಚೆ ಬೀಳುತ್ತದೆ, ವಿಜಯಪುರ ಅದಕ್ಕಿಂತ ಹತ್ತಿರ. ಎಲ್ಲರನ್ನೂ ಬೆಳಗಾವಿಗೇ ಕರೆಯುವ ಹಟ ಹಿಡಿದರೆ ಆ ಕಡೆಯವರು ಬರುವುದನ್ನೇ ಬಿಡುತ್ತಾರೆ. ಚಿಕ್ಕೋಡಿ-ಅಥಣಿ ಕಡೆಗೊಂದು, ಜಮಖಂಡಿ-ಬನಹಟ್ಟಿ ಕಡೆಗೊಂದು ಸಣ್ಣ ಕೂಟ ಇಟ್ಟು, ದೊಡ್ಡ ಸಭೆಯನ್ನು ವರ್ಷಕ್ಕೆ ಒಂದೆರಡು ಸಲ ಮಾಡುವುದು ನಡೆಯುವ ದಾರಿ. ಬೆಳಗಾವಿ, ಬಾಗಲಕೋಟೆ ಬಸ್ಸುಗಳು ವಾಯವ್ಯ ಸಾರಿಗೆಗೆ ಸೇರಿದರೆ ವಿಜಯಪುರದ್ದು ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರುತ್ತದೆ. ಪಾಸಿನ ಕೆಲಸಕ್ಕೆ ಯಾರು ಯಾವ ಡಿಪೊಗೆ ಹೋಗಬೇಕು ಎಂಬುದನ್ನು ಊರುವಾರು ಮೊದಲೇ ಬರೆದಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ.

ಕೂರುವುದು ವೃತ್ತಾಕಾರದಲ್ಲಿ. ಸಾಲಾಗಿ ಕುರ್ಚಿ ಹಾಕಿದರೆ ಹಿಂದಿನವರಿಗೆ ಮುಂದಿನವರ ತಲೆ ಕಾಣುತ್ತದೆಯೇ ಹೊರತು ಕೈ ಕಾಣುವುದಿಲ್ಲ. ಹದಿನೈದು-ಇಪ್ಪತ್ತು ಮಂದಿವರೆಗೆ ಒಂದು ಸುತ್ತು ಸಾಕು. ಹೆಚ್ಚಾದರೆ ಮಾತಾಡುವವರು ಎತ್ತರದಲ್ಲಿ ನಿಲ್ಲಬೇಕು. ಯಾರಾದರೂ ಹೊಸಬರು ಬಂದರೆ ಅವರನ್ನು ಅದೇ ಕಸುಬಿನವರ ಪಕ್ಕ ಕೂರಿಸಬೇಕು, ಹೊಲದವರನ್ನು ಹೊಲದವರ ಪಕ್ಕ, ಮಗ್ಗದವರನ್ನು ಮಗ್ಗದವರ ಪಕ್ಕ.

ಶಾಲೆಯ ಮೆಟ್ಟಿಲು ಹತ್ತದ ಕಿವುಡರ ವಿಷಯ ಬೇರೆಯದೇ. ಅವರಿಗೆ ಗೊತ್ತಿರುವುದು ಮನೆಯವರ ಜೊತೆ ಬೆಳೆದ ಸನ್ನೆಗಳು ಮಾತ್ರ: ಉಣ್ಣು, ದನ ಬಿಡು, ಅಪ್ಪ ಬಂದ. ಮೊದಲೊಂದೆರಡು ಕೂಟದಲ್ಲಿ ಅವರು ಸುಮ್ಮನೆ ನೋಡುತ್ತ ಕೂರುತ್ತಾರೆ. ಆಗ ಹೆಸರು ಬರೆ, ಲೆಕ್ಕ ಹೇಳು ಎಂದು ಪರೀಕ್ಷೆ ಮಾಡಬಾರದು, ಮರುತಿಂಗಳು ಬರುವುದಿಲ್ಲ. ಅವರ ಸನ್ನೆಯನ್ನು ಬೇಗ ಹಿಡಿಯುವವರು ಕೇಳುವ ಶಿಕ್ಷಕರಲ್ಲ, ಓದಿದ ಕಿವುಡರು. ಅದಕ್ಕೇ ಆಸ್ಪತ್ರೆಗೋ ಪೊಲೀಸ್ ಠಾಣೆಗೋ ಇಂಥವರನ್ನು ಕರೆದೊಯ್ಯುವಾಗ ಇಬ್ಬರು ಬೇಕಾಗುತ್ತದೆ. ಅವರ ಮನೆಸನ್ನೆಯನ್ನು ಸಂಜ್ಞಾ ಭಾಷೆಗೆ ತರಲು ಒಬ್ಬ ಕಿವುಡರು, ಅಲ್ಲಿಂದ ಕನ್ನಡಕ್ಕೆ ತರಲು ಒಬ್ಬ ದುಭಾಷಿ. ಮಾತಿನ ಮೂಲಕ ಹೇಳಲಾಗದ ಸಾಕ್ಷಿಯ ಹೇಳಿಕೆಯನ್ನು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ, ವಿಡಿಯೊ ಚಿತ್ರೀಕರಣ ಮಾಡಿ ದಾಖಲಿಸಬೇಕು ಎಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಮು ಹೇಳುತ್ತದೆ. ತರಬೇತಿ ಪಡೆದ ದುಭಾಷಿಗಳು ನಮ್ಮ ಕಡೆ ಕಡಿಮೆ. ವಿಶೇಷ ಶಾಲೆಯ ಶಿಕ್ಷಕರು, ಕಿವುಡ ತಂದೆ-ತಾಯಿಯ ಕೇಳುವ ಮಕ್ಕಳು ಯಾರು ಯಾವ ತಾಲ್ಲೂಕಿನಲ್ಲಿದ್ದಾರೆ, ರಾತ್ರಿ ಹೊತ್ತಿಗೆ ಬರಬಲ್ಲರೇ ಎಂಬ ಪಟ್ಟಿ ಮೊದಲೇ ಇರಬೇಕು. ಅಪಘಾತ ಆದ ಮೇಲೆ ಹುಡುಕಿದರೆ ಯಾರೂ ಸಿಗುವುದಿಲ್ಲ.

ಬೆಳಗಾವಿ ನಗರದಲ್ಲಿ ಇನ್ನೊಂದು ಮಾತಿದೆ. ಮನೆಯಲ್ಲಿ ಮರಾಠಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ. ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಮಗುವಿಗೆ ಒಂದೇ ವಸ್ತುವಿಗೆ ಎರಡು ಬಗೆಯ ತುಟಿ. ಕೈಭಾಷೆಗೆ ಬಂದರೆ ಈ ಗಡಿ ಇಲ್ಲ. ಕೊಲ್ಹಾಪುರ, ಮಿರಜ್ ಕಡೆಯ ಕಿವುಡರು ಬೆಳಗಾವಿಯವರ ಜೊತೆ ಕೂತರೆ ಕೆಲವು ಸಂಜ್ಞೆಗಳ ವ್ಯತ್ಯಾಸ ಬಿಟ್ಟು ಮಾತು ಸರಾಗ ಸಾಗುತ್ತದೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ 10,000 ಪದಗಳ ನಿಘಂಟು ಫೋನಿನಲ್ಲೇ ಸಿಗುತ್ತದೆ. ಕಚೇರಿ, ಕಾನೂನು, ಬ್ಯಾಂಕಿನ ಪದಗಳಿಗೆ ಅದು ಒಳ್ಳೆಯ ಆಸರೆ. ಹಾಗೆಂದು ಇಲ್ಲಿಯವರು ಮೊದಲಿನಿಂದ ಬಳಸುವ ಸಂಜ್ಞೆಯನ್ನು ತಪ್ಪು ಎಂದು ತಿದ್ದಲು ಹೋಗಬಾರದು. ಎರಡನ್ನೂ ಇಟ್ಟುಕೊಳ್ಳುವುದು ಲೇಸು.

ಬಳಗ ಇದ್ದರೆ ಏನಾಗುತ್ತದೆ ಎಂಬುದು ಗುರುತಿನ ಚೀಟಿಯ ಕೆಲಸದಲ್ಲಿ ಕಣ್ಣಿಗೆ ಕಾಣುತ್ತದೆ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿಯ ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ತುಂಬಬೇಕು. ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಬೇಕು. ನಂತರ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಅಳತೆ ತಪ್ಪು ಬರುತ್ತದೆ, ಮೊದಲು ಅದನ್ನು ತೆಗೆಸಿಕೊಂಡೇ ಹೋಗಬೇಕು. ಬಟನ್ ಒತ್ತಿ ಉತ್ತರ ಕೊಡಲಾಗದ ಸಣ್ಣ ಮಕ್ಕಳಿಗೆ, ಶಬ್ದಕ್ಕೆ ನರ-ಮಿದುಳು ಸ್ಪಂದಿಸುವುದನ್ನು ಯಂತ್ರದಿಂದ ಅಳೆಯುವ ಬೆರಾ ಪರೀಕ್ಷೆ ಮಾಡುತ್ತಾರೆ, ಮಗು ಮಲಗಿರಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ ಮಾತಿನ ಆವರ್ತನಗಳಲ್ಲಿ 70 ಡೆಸಿಬೆಲ್ ಶ್ರವಣನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಮೀಸಲಾತಿಯಂಥ ಸವಲತ್ತುಗಳಿಗೆ ಅಂಗವಿಕಲತೆ ಕನಿಷ್ಠ ಶೇಕಡಾ 40 ಇರಬೇಕು.

ಕಾಗದಪತ್ರ ಎಲ್ಲ ಸರಿ ಇದ್ದೂ ಕೆಲಸ ಕೆಡುವುದು ಆಸ್ಪತ್ರೆಯ ಬಾಗಿಲಲ್ಲಿ. ಹೆಸರನ್ನು ಕೂಗಿ ಕರೆಯುತ್ತಾರೆ. ಕಿವಿ ಪರೀಕ್ಷೆಗೆ ಬಂದವರನ್ನೇ ಕೂಗಿ ಕರೆದು, ಬರಲಿಲ್ಲವೆಂದು ಚೀಟಿ ಕೆಳಗೆ ಹಾಕುತ್ತಾರೆ. ಹೊತ್ತು ಮೀರಿ ಮುಂದಿನ ವಾರ ಬಾ ಎನ್ನುತ್ತಾರೆ, ಕೂಲಿ ಬಿಟ್ಟು ಬಂದವರು ಮುಂದಿನ ವಾರ ಬರುವುದಿಲ್ಲ. ಬಳಗದಿಂದ ನಾಲ್ಕೈದು ಮಂದಿ ಒಂದೇ ದಿನ ಹೋಗಬೇಕು, ಒಬ್ಬ ಕೇಳುವವರು ಜೊತೆಗಿರಬೇಕು. ಟೋಕನ್ ನಂಬರನ್ನು ಅಂಗೈ ಮೇಲೆ ದೊಡ್ಡದಾಗಿ ಬರೆದು, ಬಾಗಿಲಲ್ಲಿರುವ ಸಿಸ್ಟರಿಗೆ ತೋರಿಸಿ, ‘ಅಕ್ಕಾರ, ಇವ್ರಿಗೆ ಕಿವಿ ಕೇಳ್ಸಂಗಿಲ್ರಿ, ನಂಬರ್ ಬಂದಾಗ ಕೈ ಮಾಡ್ರಿ’ ಎಂದು ಒಂದು ಮಾತು ಹೇಳಿಟ್ಟರೆ ಸಾಕು. ಬಾಗಿಲು ಕಾಣುವ ಬೆಂಚಿನಲ್ಲೇ ಕೂರಬೇಕು.

ಇನ್ನೊಂದು ಸುದ್ದಿ ಬಾಯಿಂದ ಬಾಯಿಗೆ ಹೋಗದೆ ಬಹಳ ಕಾಲ ಕಿವುಡರಿಗೆ ಮುಟ್ಟದೆ ಉಳಿದದ್ದು ಗಾಡಿ ಲೈಸೆನ್ಸಿನದು. ಕಿವುಡರಿಗೆ ಚಾಲನಾ ಪರವಾನಗಿ ಕೊಡಬಹುದು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2016ರಲ್ಲೇ ತಿಳಿಸಿದೆ. ಬೈಕ್ ಇದ್ದ ಕಿವುಡರು ಹತ್ತು ಊರಿನವರನ್ನು ಬೆಸೆಯುತ್ತಾರೆ, ಬಸ್ಸಿಲ್ಲದ ಹಳ್ಳಿಯವರನ್ನು ಕೂಟಕ್ಕೆ ಕರೆತರುವವರು ಅವರೇ.

ಕೆಲಸ ಕೊಡುವವರ ಪರಿಚಯ ಬೆಳೆಸುವುದಕ್ಕೆ ಬೇರೆ ತಯಾರಿ ಬೇಕು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಕಾಯ್ದೆ ಕೊಟ್ಟ ಶೇಕಡಾ 4ರಲ್ಲಿ ಶೇಕಡಾ 1 ಕಿವುಡರಿಗೂ ಮಂದ ಶ್ರವಣದವರಿಗೂ ಮೀಸಲು. ಓದಿದವರು ಅದಕ್ಕೆ ಅರ್ಜಿ ಹಾಕುತ್ತಲೇ ಇರಬೇಕು. ಆದರೆ ಹೆಚ್ಚಿನವರಿಗೆ ಅನ್ನ ಹುಟ್ಟುವುದು ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪುಗಳಲ್ಲಿ, ರಬಕವಿ-ಬನಹಟ್ಟಿಯ ಪವರ್‌ಲೂಮ್‌ಗಳಲ್ಲಿ, ಇಳಕಲ್ ಕಡೆಯ ಮಗ್ಗಗಳಲ್ಲಿ, ಟೇಲರಿಂಗ್ ಅಂಗಡಿಗಳಲ್ಲಿ. ಪವರ್‌ಲೂಮ್ ಶೆಡ್ಡಿನೊಳಗೆ ಕಾಲಿಟ್ಟರೆ ಕೇಳುವವರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಲ್ಲಿ ಎಲ್ಲರೂ ಕೈ ಮಾಡಿಯೇ ಮಾತಾಡುತ್ತಾರೆ: ಎಳೆ ಹರಿದಿದೆ, ಲಾಳಿ ಬದಲಿಸು, ಮಗ್ಗ ನಿಲ್ಲಿಸು. ಎಳೆ ಹರಿದದ್ದನ್ನು ಬಟ್ಟೆ ಮೇಲೆ ಕಣ್ಣಿಟ್ಟು ಹಿಡಿಯಬೇಕು. ಅಂಥ ಕಡೆ ಕಿವುಡ ನೇಕಾರ ಯಾರಿಗೂ ಕಡಿಮೆಯಲ್ಲ, ಮಾಲೀಕರಿಗೆ ಇದನ್ನು ಬಾಯಲ್ಲಿ ವಿವರಿಸುವ ಬದಲು ಕೆಲಸ ಮಾಡುತ್ತಿರುವ ವಿಡಿಯೊ ತೋರಿಸಿದರೆ ನಂಬುತ್ತಾರೆ.

ಪ್ರತಿಯೊಬ್ಬರಿಗೂ ಒಂದು ಪುಟದ ಪರಿಚಯ ಚೀಟಿ ಮಾಡಿಡುತ್ತೇವೆ. ಕಸುಬು, ಎಷ್ಟು ವರ್ಷದ ಅನುಭವ, ಯಾವ ಮಷಿನ್ ಬರುತ್ತದೆ, ಓದು-ಬರಹ ಎಷ್ಟು. ಮೇಲ್ಗಡೆ ದಪ್ಪ ಅಕ್ಷರದಲ್ಲಿ: ‘ನನಗೆ ಕಿವಿ ಕೇಳುವುದಿಲ್ಲ. ಫೋನ್ ಮಾಡಬೇಡಿ, ವಾಟ್ಸ್ಆ್ಯಪ್ ಮೆಸೇಜ್ ಕಳಿಸಿ.’ ಈ ಸಾಲು ಇಲ್ಲದ ಅರ್ಜಿಗಳ ಗತಿ ಒಂದೇ. ಕಂಪನಿಯವರು ಎರಡು ಸಲ ಕರೆ ಮಾಡುತ್ತಾರೆ, ಎತ್ತಲಿಲ್ಲವೆಂದು ಮುಂದಿನ ಹೆಸರಿಗೆ ಹೋಗುತ್ತಾರೆ. ಚೀಟಿಯ ಕೆಳಗೆ ಬಳಗದ ಒಬ್ಬ ಕೇಳುವವರ ನಂಬರೂ ಇರಲಿ, ಆದರೆ ಮಾತು ಮುಗಿದ ಕೂಡಲೇ ಅದನ್ನು ಆ ಅಭ್ಯರ್ಥಿಗೆ ವಿಡಿಯೊದಲ್ಲಿ ತಿಳಿಸಬೇಕು. ಸಂಬಳದ ಮಾತನ್ನು ಅವರ ಬೆನ್ನಿಗೆ ಮುಗಿಸಬಾರದು.

ಕೆಲಸ ಸಿಕ್ಕ ಮೇಲಿನ ಮೊದಲ ತಿಂಗಳೇ ಕಠಿಣ. ಪಾಳಿ ಬದಲಾದದ್ದು, ನಾಳೆ ರಜೆ, ಇವತ್ತು ಹೆಚ್ಚು ಹೊತ್ತು ಇರಬೇಕು, ಎಲ್ಲವನ್ನೂ ಶೆಡ್ಡಿನಲ್ಲಿ ಬಾಯಲ್ಲೇ ಹೇಳುತ್ತಾರೆ. ಕಿವುಡ ಕೆಲಸಗಾರ ರಜೆಯ ದಿನ ಡಬ್ಬಿ ಕಟ್ಟಿಕೊಂಡು ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಲ್ಲುತ್ತಾನೆ. ಸೂಪರ್‌ವೈಸರ್ ಹತ್ತಿರ ಕೇಳಿಕೊಂಡು ಪಕ್ಕದ ಮಷಿನಿನ ಒಬ್ಬ ಜೊತೆಗಾರನನ್ನು ಗೊತ್ತು ಮಾಡಿಸಬೇಕು, ಅವನಿಗೆ ಇಪ್ಪತ್ತು-ಮೂವತ್ತು ಸಂಜ್ಞೆ ಕಲಿಸಬೇಕು: ನಿಲ್ಲು, ಅಪಾಯ, ಪಾಳಿ, ರಜೆ, ಸಂಬಳ, ಚಹಾ, ಸರಿ, ತಪ್ಪು. ಊಟದ ಬಿಡುವಿನಲ್ಲಿ ಒಂದು ವಾರದೊಳಗೆ ಕಲಿಯುತ್ತಾರೆ. ಫೌಂಡ್ರಿ, ಮಷಿನ್ ಶಾಪುಗಳಲ್ಲಿ ಫೋರ್ಕ್‌ಲಿಫ್ಟಿನ ಹಾರ್ನ್ ಕೇಳುವುದಿಲ್ಲ, ಹಾಗಾಗಿ ಓಡಾಡುವ ದಾರಿಗೆ ಮುಖ ಮಾಡಿ ನಿಲ್ಲುವಂಥ ಮಷಿನ್ ಕೊಡಿಸಬೇಕು, ಸೈರನ್ನಿನ ಜೊತೆ ಮಿಣುಕುವ ದೀಪ ಹಾಕಿಸಬೇಕು. ಇಷ್ಟು ಮಾಡಿಕೊಟ್ಟ ಮಾಲೀಕರು ಮುಂದೆ ತಾವಾಗಿಯೇ ಇನ್ನೊಬ್ಬರು ಸಿಗುತ್ತಾರೇನ್ರಿ ಎಂದು ಕೇಳುತ್ತಾರೆ.

ಹೆಣ್ಣುಮಕ್ಕಳು ಕೂಟಕ್ಕೆ ಬರುವುದು ಇನ್ನೂ ಕಷ್ಟ. ಒಬ್ಬಳೇ ಹೋಗಬೇಡ ಎನ್ನುವ ತಾಯಿಯನ್ನೂ ಜೊತೆಗೆ ಕರೆಯುವುದೇ ಸರಿ. ತಾಯಂದಿರಿಗೆ ಬೇರೆ ಮೂಲೆಯಲ್ಲಿ ಚಾಪೆ ಹಾಕಿದರೆ ಅವರೂ ತಮ್ಮತಮ್ಮೊಳಗೆ ಮಾತಿಗಿಳಿಯುತ್ತಾರೆ: ಮಗಳಿಗೆ ಮುಟ್ಟಿನ ವಿಷಯ ಹೇಗೆ ಹೇಳಿದಿರಿ, ಹೊಲಿಗೆ ಎಲ್ಲಿ ಕಲಿಸಿದಿರಿ. ವಾಟ್ಸ್ಆ್ಯಪ್‌ನಲ್ಲಿ ಹೆಣ್ಣುಮಕ್ಕಳದೇ ಬೇರೆ ಬಳಗ ಇರಬೇಕು, ಅದನ್ನು ನಡೆಸುವವರೂ ಹೆಣ್ಣುಮಕ್ಕಳೇ ಆಗಿರಬೇಕು.

ಬಳಗ ದೊಡ್ಡದಾದಂತೆ ದುಡ್ಡಿನ ಮೋಸಗಾರರು ಬರುತ್ತಾರೆ. ಕೈಭಾಷೆ ಬಲ್ಲವರನ್ನು ಕಿವುಡರು ಬೇಗ ನಂಬುತ್ತಾರೆ, ಆ ನಂಬಿಕೆಯನ್ನೇ ಹಿಡಿದು ದುಪ್ಪಟ್ಟು ಮಾಡಿಕೊಡುವ ಸ್ಕೀಮು, ಹೆಸರಿನ ಮೇಲೆ ಸಾಲ, ಸಿಮ್ ಕಾರ್ಡ್ ಎಂದು ಬರುತ್ತಾರೆ. ಅದಕ್ಕೆ ಕಟ್ಟುನಿಟ್ಟಿನ ನಿಯಮ ಬೇಕು: ಕೂಟದಲ್ಲಿ ಚಹಾದ ಖರ್ಚು ಬಿಟ್ಟು ದುಡ್ಡು ಎತ್ತಬಾರದು, ಯಾರ ಆಧಾರ್ ಅಥವಾ ಪಾಸ್‌ಬುಕ್ ಫೋಟೊವನ್ನೂ ಬಳಗದಲ್ಲಿ ಹಾಕಬಾರದು, ಓಟಿಪಿ ಕೇಳಿದವರು ಯಾರೇ ಆಗಿರಲಿ ಹೊರಗೆ. ಇದನ್ನು ಕಿವುಡರೇ ವಿಡಿಯೊ ಮಾಡಿ ಹೊಸಬರಿಗೆಲ್ಲ ಕಳಿಸಬೇಕು.

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ, 1951ರಲ್ಲಿ ವಿಶ್ವ ಕಿವುಡರ ಒಕ್ಕೂಟ ಸ್ಥಾಪನೆಯಾದ ದಿನ. ಆ ವಾರ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ, ಕಾಲೇಜುಗಳು, ಕೈಗಾರಿಕಾ ಸಂಘದವರು ಕರೆದರೆ ಬರುತ್ತಾರೆ. ಭಾಷಣಕ್ಕಿಂತ ಅವರನ್ನು ಕಿವುಡರ ಎದುರು ಒಬ್ಬೊಬ್ಬರಾಗಿ ಕೂರಿಸಿ, ನಡುವೆ ದುಭಾಷಿ ಇಟ್ಟು ಹದಿನೈದು ನಿಮಿಷ ಮಾತಾಡಿಸಿದರೆ ನಂಬರ್ ವಿನಿಮಯ ಆಗಿಯೇ ಹೋಗುತ್ತದೆ.

ಬಳಗ ಒಂದೆರಡು ವರ್ಷ ನಿಂತರೆ ನೋಂದಣಿ ಮಾಡಿಸುವುದು ಒಳ್ಳೆಯದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು ಬೇಕು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಕಿವುಡರೇ ಆಗಿರಲಿ, ಕೇಳುವವರು ಪತ್ರ ಬರೆಯಲು, ಫೋನ್ ಎತ್ತಲು ಇರಲಿ. ನಿಯಮಾವಳಿಯನ್ನು ಸಹಿಗೆ ಮುಂಚೆ ಒಂದೊಂದೇ ಕಲಮಾಗಿ ಸಂಜ್ಞೆಯಲ್ಲಿ ವಿವರಿಸಿ ರೆಕಾರ್ಡ್ ಮಾಡಿಡಬೇಕು. ಇಡೀ ದಿನ ಹಿಡಿಯುತ್ತದೆ, ಹಿಡಿಯಲಿ. ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದರ ತಾರೀಖನ್ನು ರಿಜಿಸ್ಟರಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡುವುದು ಖಜಾಂಚಿಯ ಕೆಲಸ.